ಕೊನೆಯ ಹತ್ತು ಮೀಟರ್ ಮಕ್ಕಳದು: ಮನೆಮಂದಿಯೊಡನೆ ಜಿಯೋಕ್ಯಾಶಿಂಗ್

ಉಪಗ್ರಹ ತೋರಿಸುವ ದಾರಿಯಲ್ಲಿ ನಡೆದು, ಯಾರೋ ಅಪರಿಚಿತರು ಬಚ್ಚಿಟ್ಟ ಡಬ್ಬಿಯನ್ನು ಹುಡುಕಿ, ಅದರೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬರುವ ಆಟಕ್ಕೆ ಜಿಯೋಕ್ಯಾಶಿಂಗ್ ಎಂದು ಹೆಸರು. ನಾಗರಿಕರು ಬಳಸುವ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಸರ್ಕಾರವು ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿದ ಕೂಡಲೇ ಉಪಕರಣಗಳ ನಿಖರತೆ ಹಲವು ಪಟ್ಟು ಹೆಚ್ಚಿತು. ಅದನ್ನು ಪರೀಕ್ಷಿಸಲೆಂದು ಡೇವ್ ಅಲ್ಮರ್ ಎಂಬವರು ಮೇ 3ರಂದು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ ಅಡಗಿಸಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರಜಾಲದಲ್ಲಿ ಪ್ರಕಟಿಸಿದರು. ಅಲ್ಲಿಂದ ಮೊದಲಾದ ಆಟದ ಡಬ್ಬಿಗಳು ಇಂದು ಜಗತ್ತಿನಾದ್ಯಂತ ಲಕ್ಷಗಟ್ಟಲೆ ಇವೆ.

ಆಡಲು ಬೇಕಾದುದು ಕಡಿಮೆ. ಫೋನಿನಲ್ಲಿ ಜಿಯೋಕ್ಯಾಶಿಂಗ್ ಆ್ಯಪ್ ಹಾಕಿಕೊಂಡು ಉಚಿತ ಖಾತೆ ತೆರೆದರೆ ನಕ್ಷೆಯಲ್ಲಿ ಹತ್ತಿರದ ಕೆಲವು ಡಬ್ಬಿಗಳು ಕಾಣಿಸುತ್ತವೆ. ಬರೆಯಲು ಪೆನ್ನು, ಕುಡಿಯಲು ನೀರು, ತುಂಬು ತೋಳಿನ ಅಂಗಿ, ಬೂಟು, ಎಲೆ ಸರಿಸಲು ಒಂದು ಕೋಲು ಜೊತೆಗಿರಲಿ. ಪೆನ್ನನ್ನು ಮರೆಯಬೇಡಿ, ಚಿಕ್ಕ ಡಬ್ಬಿಗಳಲ್ಲಿ ಸುರುಳಿ ಸುತ್ತಿದ ಕಾಗದಕ್ಕಷ್ಟೇ ಜಾಗವಿರುತ್ತದೆ.

ಮೊದಲ ಡಬ್ಬಿಯನ್ನು ಆರಿಸುವಾಗ ಅವಸರ ಬೇಡ, ಏಕೆಂದರೆ ಮೊದಲ ದಿನ ಬರಿಗೈಯಲ್ಲಿ ಮರಳಿದ ಮಕ್ಕಳನ್ನು ಎರಡನೆಯ ಬಾರಿ ಹೊರಡಿಸುವುದು ಕಷ್ಟ. ಪ್ರತಿ ಡಬ್ಬಿಗೂ ಹುಡುಕಾಟದ ಕಠಿಣತೆ ಎಷ್ಟು, ನಡೆಯುವ ನೆಲದ ಕಷ್ಟ ಎಷ್ಟು ಎಂಬ ಎರಡು ಅಂಕಗಳು 1ರಿಂದ 5ರವರೆಗೆ ಇರುತ್ತವೆ, ಎರಡೂ 1.5ನ್ನು ಮೀರದ, ಗಾತ್ರದಲ್ಲಿ ಊಟದ ಡಬ್ಬಿಯಷ್ಟಾದರೂ ಇರುವ, ಇತ್ತೀಚೆಗೆ ಯಾರಾದರೂ ಕಂಡುಹಿಡಿದಿದ್ದೇವೆಂದು ಬರೆದಿರುವ ಡಬ್ಬಿಯನ್ನೇ ಆರಿಸಿ. ಭಾರತದಲ್ಲಿ ಡಬ್ಬಿಗಳು ವಿರಳವಾದ್ದರಿಂದ ಹಿಂದಿನವರು ಆ್ಯಪಿನಲ್ಲಿ ಬರೆದ ಟಿಪ್ಪಣಿಗಳನ್ನು ಓದದೆ ಹೊರಡುವುದು ಸರಿಯಲ್ಲ. ಅಮೆರಿಕ, ಜರ್ಮನಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಕೊರತೆಯಿಲ್ಲ. ಅಲ್ಲಿ ಎಷ್ಟೋ ಕಡೆ ಮನೆಯ ಹತ್ತಿರದ ಉದ್ಯಾನದಲ್ಲೇ ಒಂದು ಡಬ್ಬಿ ಇರುತ್ತದೆ.

ಇನ್ನು ಹುಡುಕಾಟದ ಮಾತು. ಬಯಲಿನಲ್ಲಿಯೂ ಫೋನಿನ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ. ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಆ ತಪ್ಪು ಇನ್ನೂ ಹೆಚ್ಚು. ಡಬ್ಬಿ ಇಟ್ಟವರ ಉಪಕರಣವೂ ಅಷ್ಟಿಷ್ಟು ತಪ್ಪಿರುತ್ತದೆ. ಆದ್ದರಿಂದ ಹತ್ತು ಮೀಟರ್ ಉಳಿದಾಗ ಫೋನನ್ನು ಜೇಬಿನಲ್ಲಿಟ್ಟು, 'ನೀನಾಗಿದ್ದರೆ ಎಲ್ಲಿ ಬಚ್ಚಿಡುತ್ತಿದ್ದೆ?' ಎಂದು ಮಗುವನ್ನು ಕೇಳಿ. ನನ್ನ ದೃಷ್ಟಿಯಲ್ಲಿ ಈ ಆಟದ ಜೀವ ಇರುವುದು ಇಲ್ಲಿಯೇ. ಅಸಹಜವಾಗಿ ಒಟ್ಟಿದ ಕಲ್ಲುಗಳು, ಬೇರಿನ ಸಂದಿಗೆ ಅಡ್ಡಲಾಗಿ ಇಟ್ಟಂತಿರುವ ತೊಗಟೆ, ಹುಲ್ಲಿನಲ್ಲಿ ಸವೆದ ಸಣ್ಣ ಜಾಡು ಇವೆಲ್ಲ ಚಿಕ್ಕವರ ಕಣ್ಣಿಗೆ ಬೇಗ ಬೀಳುತ್ತವೆ. ಹಿರಿಯರು ಮೊದಲೇ ಕಂಡರೂ ಬಾಯಿ ಬಿಡದೆ ನಿಲ್ಲಬೇಕು. ಪೊಟರೆ, ಬಿಲ, ಕಲ್ಲಿನ ಸಂದಿಗಳಿಗೆ ಮಾತ್ರ ಯಾರೂ ಕೈ ಹಾಕಬಾರದು. ಹಾವು ಚೇಳುಗಳಿರಬಹುದಾದ್ದರಿಂದ ಮೊದಲು ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡುವ ಕೆಲಸ ದೊಡ್ಡವರದು.

ಡಬ್ಬಿಯಲ್ಲಿ ಪುಟ್ಟ ಆಟಿಕೆಗಳಿದ್ದರೆ ಮಗು ಒಂದನ್ನು ತೆಗೆದುಕೊಳ್ಳಬಹುದು, ಆದರೆ ಅದಕ್ಕೆ ಸಮನಾದ ಅಥವಾ ಮಿಗಿಲಾದ ವಸ್ತುವನ್ನು ಅಲ್ಲಿಡಬೇಕು. ವಾಸನೆಗೆ ಪ್ರಾಣಿಗಳು ಬರುವುದರಿಂದ ತಿಂಡಿ ಇಡುವಂತಿಲ್ಲ. ಸಂಖ್ಯೆ ಕೆತ್ತಿದ ಲೋಹದ ಬಿಲ್ಲೆ ಸಿಕ್ಕರೆ ಅದು ಊರೂರು ಸುತ್ತುವ ಪ್ರಯಾಣಿಕ ವಸ್ತು. ಒಯ್ದರೆ ಮುಂದಿನ ಡಬ್ಬಿಗೆ ತಲುಪಿಸುವ ಹೊಣೆ ನಿಮ್ಮದಾಗುತ್ತದೆ.

ಡಬ್ಬಿಯಿಲ್ಲದ ಒಂದು ಬಗೆಯೂ ಉಂಟು. ಅರ್ಥ್‌ಕ್ಯಾಶ್ ಎಂಬ ಇದರಲ್ಲಿ ಬಂಡೆ, ಜಲಪಾತ, ಮಣ್ಣಿನ ಪದರಗಳ ಮುಂದೆ ನಿಂತು ಗಮನಿಸಿ ಪ್ರಶ್ನೆಗಳಿಗೆ ಉತ್ತರ ಕಳಿಸಬೇಕು. ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದೆಂದು ಮಗುವಿಗೆ ಹೇಳಿ, ಅದರ ಬಿಳಿ-ಬೂದು ಪಟ್ಟೆಗಳನ್ನು ಎಣಿಸಲು ಹೇಳಿದರೆ ಅದೇ ರೀತಿಯ ಪಾಠವಾಗುತ್ತದೆ.

ನೀವೇ ಸಾರ್ವಜನಿಕ ಡಬ್ಬಿ ಇಡಬಯಸಿದರೆ ಜಾಗದ ಒಡೆಯರ ಅನುಮತಿ ಬೇಕು, ನೆಲ ಅಗೆದು ಹೂಳಬಾರದು, ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರವಿರಬೇಕು. ರೈಲು ನಿಲ್ದಾಣ, ಅಣೆಕಟ್ಟು, ದೇವಸ್ಥಾನ, ಜನನಿಬಿಡ ಬೀದಿಗಳಲ್ಲಿ ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಪೊಲೀಸರನ್ನು ಕರೆಯುತ್ತಾರೆ, ಕರೆಯಲೇಬೇಕು ಕೂಡ. ಅಂಥಲ್ಲಿ ಇಡುವ ಯೋಚನೆಯೇ ಬೇಡ.

ಅದಕ್ಕಿಂತ, ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಗೆ ಹೋದಾಗ ತೋಟದಲ್ಲಿಯೇ ಆಟ ಹೂಡುವುದು ಚೆನ್ನ. ನಾಲ್ಕೈದು ಸ್ಟೀಲ್ ಡಬ್ಬಿಗಳನ್ನು ಹಲಸಿನ ಬುಡ, ಬಾವಿಕಟ್ಟೆಯಿಂದ ದೂರದ ಬೇಲಿ, ಕೊಟ್ಟಿಗೆಯ ಹಿಂಬದಿ ಎಂದು ಅಲ್ಲಲ್ಲಿ ಇಟ್ಟು, ಪ್ರತಿ ಜಾಗದಲ್ಲಿ ಎರಡು ನಿಮಿಷ ನಿಂತು ಫೋನು ತೋರಿಸುವ ಅಕ್ಷಾಂಶ ರೇಖಾಂಶಗಳ ಅಂಕಿಗಳನ್ನು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳಲ್ಲಿ (ಇಲ್ಲಿ ಮಿನಿಟು ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ) ಬರೆದುಕೊಳ್ಳಿ. ಅಕ್ಷಾಂಶದ ಮಿನಿಟಿನ ಮೂರನೆಯ ದಶಮಾಂಶ ಅಂಕಿ ಒಂದರಷ್ಟು ಬದಲಾದರೆ ನೆಲದ ಮೇಲೆ ಸುಮಾರು 1.8 ಮೀಟರ್ ಬದಲಾಗುತ್ತದೆ ಎಂಬುದನ್ನು ಮಕ್ಕಳು ನಡೆದೇ ಅಳೆಯಲಿ. ಮೊದಲ ಡಬ್ಬಿಯಲ್ಲಿ ಎರಡನೆಯದರ ಅಂಕಿಗಳಿರಲಿ, ಕೊನೆಯದರಲ್ಲಿ ಅಜ್ಜಿ ತನ್ನ ಕೈಯಾರೆ ಬರೆದ ಚೀಟಿ ಇರಲಿ. ಸಂಜೆ ಡಬ್ಬಿಗಳನ್ನು ಎಣಿಸಿ ಒಳಗೆ ತರುವ ಕೆಲಸವನ್ನು ಮಕ್ಕಳಿಗೇ ವಹಿಸಿ.