ಬೆಕ್ಕಿದೆ ಅಂತ ಮೊದಲೇ ಹೇಳಿಬಿಡಿ

ಬಾಡಿಗೆ ಮನೆ ನೋಡಲು ಹೋದಾಗ ಬೆಕ್ಕಿನ ವಿಷಯ ಮುಚ್ಚಿಡಬೇಡಿ. ನನ್ನ ಮೊದಲ ಮಾತೂ ಇದೇ, ಮುಖ್ಯ ಮಾತೂ ಇದೇ. ಅಡ್ವಾನ್ಸ್ ಕೊಟ್ಟು, ಹಾಲುಕ್ಕಿಸಿ, ಸಾಮಾನೆಲ್ಲ ಇಳಿಸಿದ ಮೇಲೆ ಬುಟ್ಟಿಯಿಂದ ಬೆಕ್ಕು ಹೊರಗೆ ಬಂದರೆ ಓನರ್‌ಗೆ ನಿಮ್ಮ ಮೇಲಿನ ನಂಬಿಕೆಯೇ ಹೋಗುತ್ತದೆ. ಅಲ್ಲಿಂದ ಮುಂದೆ ಬೀದಿಯಲ್ಲಿ ಯಾರ ಮನೆ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಹರಿದಿದ್ದರೂ ಬೊಟ್ಟು ಮಾಡುವುದು ನಿಮ್ಮ ಬೆಕ್ಕಿನ ಕಡೆಗೇ.

ಬೆಕ್ಕು ಕಟ್ಟಿಕೊಂಡು ಮಂಡ್ಯದಲ್ಲೂ ಮೈಸೂರಿನಲ್ಲೂ ಬಹಳ ವರ್ಷ ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದವಳು ನಾನು. ಈಗ ಕುವೆಂಪುನಗರದಲ್ಲಿ ನಮ್ಮದೇ ಮನೆ ಇದೆ, ಮೇಲಿನ ಮನೆ ಬಾಡಿಗೆಗೆ ಕೊಡುತ್ತೇವೆ. ಹಾಗಾಗಿ ಬೆಕ್ಕಿಟ್ಟುಕೊಂಡವರ ಸಂಕಟವೂ ಗೊತ್ತು, ಮನೆ ಕೊಡುವವರ ಅಳುಕೂ ಗೊತ್ತು.

ಮೈಸೂರಿನ ಓನರ್‌ಗಳು ಬೆಕ್ಕು ಬೇಡ ಅಂದರೆ ಕಾರಣ ಹೆಚ್ಚುಕಮ್ಮಿ ಇಷ್ಟೇ. ಮನೆ ನಾರುತ್ತದೆ. ಬಾಗಿಲು, ಕಬೋರ್ಡ್ ಗೀರು ಬೀಳುತ್ತದೆ. ಪಕ್ಕದ ಮನೆಯವರು ಬಂದು ಜಗಳ ತೆಗೆಯುತ್ತಾರೆ. ಮೀನು, ಮೊಟ್ಟೆ ಬೇಯಿಸುತ್ತಾರೆ. ಹೊರಗೆ ಹೊರಟಾಗ ಅಡ್ಡ ಬರುತ್ತದೆ ಅನ್ನುವ ಶಕುನದ ಮಾತೂ ಕೆಲವರಲ್ಲಿ ಇರುತ್ತದೆ. ಶಕುನ ನಂಬುವವರ ಹತ್ತಿರ ವಾದ ಮಾಡಬೇಡಿ, ನಮಸ್ಕಾರ ಹೇಳಿ ಬೇರೆ ಮನೆ ನೋಡಿ. ಉಳಿದ ನಾಲ್ಕಕ್ಕೂ ಉತ್ತರ ನಿಮ್ಮ ಕೈಯಲ್ಲೇ ಇದೆ.

ಮನೆ ನೋಡಿ ಆದ ಮೇಲೆ, ಬಾಡಿಗೆ ಎಷ್ಟು ಅಂತ ಮಾತು ಶುರುವಾಗುವ ಮೊದಲು ಹೇಳಿಬಿಡಿ: 'ನಮ್ಮ ಹತ್ತಿರ ಒಂದು ಬೆಕ್ಕಿದೆ ಸಾರ್. ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಲಸಿಕೆ ಹಾಕಿಸಿದ್ದೀವಿ, ಹೊರಗೆ ಬಿಡಲ್ಲ.' ಲಸಿಕೆಯ ಪುಸ್ತಕ ಕೈಯಲ್ಲೇ ಇರಲಿ. ಹಿಂದಿನ ಓನರ್ ಒಪ್ಪಿದರೆ ಅವರ ನಂಬರ್ ಕೊಡಿ. ಅವರೇ ಒಂದು ಮಾತು ಹೇಳಿದರೆ ನೀವು ಹತ್ತು ಮಾತು ಹೇಳುವುದು ತಪ್ಪುತ್ತದೆ. 'ಅದನ್ನೆಲ್ಲ ಈಗ ಹೇಳ್ಬೇಡಿ ಮೇಡಂ, ಆಮೇಲೆ ನೋಡ್ಕೊಳ್ಳೋಣ' ಅನ್ನುವ ಬ್ರೋಕರ್‌ಗಳಿದ್ದಾರೆ. ಅವರು ಕಮಿಷನ್ ತಗೊಂಡು ಹೋಗುತ್ತಾರೆ, ಆ ಮನೆಯಲ್ಲಿ ಇರುವವರು ನೀವು ಅಲ್ವಾ?

ಓನರ್ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. 11 ತಿಂಗಳ ಅಗ್ರಿಮೆಂಟ್ ಟೈಪ್ ಮಾಡುವವರ ಹತ್ತಿರ ಒಂದು ಸಿದ್ಧ ನಮೂನೆ ಇರುತ್ತದೆ. ಪ್ರಾಣಿ ಸಾಕಬಾರದು ಅನ್ನುವ ಸಾಲು ಅದರಲ್ಲಿ ಓನರ್ ಹೇಳದಿದ್ದರೂ ಬಂದು ಕೂತಿರುತ್ತದೆ. ಸಹಿ ಹಾಕುವ ಮೊದಲು ಪೂರ್ತಿ ಓದಿ. ಆ ಸಾಲು ತೆಗೆಸಿ, 'ಒಂದು ಬೆಕ್ಕು ಸಾಕಲು ಒಪ್ಪಿಗೆ ಇದೆ, ಅದರಿಂದ ಆದ ಹಾನಿಯನ್ನು ಬಾಡಿಗೆದಾರರು ಸರಿಪಡಿಸಿಕೊಡಬೇಕು' ಎಂದು ಬರೆಸಿ. ಈ ಎರಡನೇ ಮಾತನ್ನು ನೀವಾಗಿಯೇ ಹೇಳಿದರೆ ಓನರ್‌ಗೆ ಧೈರ್ಯ ಬರುತ್ತದೆ. ಬೀಗದ ಕೈ ಸಿಕ್ಕ ದಿನವೇ ಬಾಗಿಲು, ಕಿಟಕಿ, ನೆಲ, ಕಬೋರ್ಡ್ ಎಲ್ಲದರ ವಿಡಿಯೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಹಳೇ ಗೀರು ಯಾವುದು, ಹೊಸದು ಯಾವುದು ಅನ್ನುವ ತಕರಾರೇ ಬರುವುದಿಲ್ಲ.

ಅಪಾರ್ಟ್‌ಮೆಂಟ್‌ನ ವಿಷಯ ಸ್ವಲ್ಪ ಬೇರೆ. ನಿವಾಸಿಗಳ ಸಂಘ ಬಹುಮತದಿಂದ ತೀರ್ಮಾನ ಮಾಡಿದರೂ ಸಾಕುಪ್ರಾಣಿಗಳನ್ನು ಪೂರ್ತಿ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಸಂಘದವರು ತಕರಾರು ಮಾಡಿದರೆ ಅದನ್ನು ತೋರಿಸಿ. ಆದರೆ ಆ ಕಾಗದ ಹಿಡಿದುಕೊಂಡು ಸ್ವಂತ ಮನೆ ಬಾಡಿಗೆ ಕೊಡುವವರ ಮುಂದೆ ನಿಲ್ಲಬೇಡಿ. ಅವರಿಗೂ ನಿಮಗೂ ನಡುವೆ ಇರುವುದು ನೀವೇ ಸಹಿ ಹಾಕಿದ ಕರಾರು. ಕೆಳಗೆ ಓನರ್, ಮೇಲೆ ನೀವು ಇರುವಂಥ ಮನೆಯಲ್ಲಿ ಹಟ ಹಿಡಿದು ಗೆದ್ದರೂ ದಿನಾ ಮುಖ ನೋಡಬೇಕು.

ಈಗ ವಾಸನೆಗೆ ಬರೋಣ. ಓನರ್‌ಗಳ ಭಯದಲ್ಲಿ ಮುಕ್ಕಾಲು ಪಾಲು ಇದರದ್ದೇ, ಆ ಭಯ ಸುಳ್ಳೂ ಅಲ್ಲ. ಬೆಕ್ಕಿನ ಮೂತ್ರ ತುಂಬಾ ಗಾಢ. ಅದರಲ್ಲಿರುವ ಯೂರಿಕ್ ಆಸಿಡ್ ಹರಳುಗಟ್ಟಿ ನೆಲದ ಸಂದಿಯಲ್ಲಿ ಕೂತುಬಿಡುತ್ತದೆ. ನೀರಲ್ಲಿ ಒರೆಸಿದರೆ ಆ ಹೊತ್ತಿಗೆ ಹೋದ ಹಾಗೆ ಕಾಣುತ್ತದೆ. ಮಳೆಗಾಲದಲ್ಲಿ ತೇವ ಏರಿದ ಕೂಡಲೇ ಮತ್ತೆ ನಾರುತ್ತದೆ.

ಇದಕ್ಕೆ ಮೊದಲ ಉಪಾಯ ಆಪರೇಷನ್. ಆಪರೇಷನ್ ಆಗದ ಗಂಡು ಬೆಕ್ಕು ಬೆಳೆದ ಮೇಲೆ ಬಾಲ ಎತ್ತಿ ಗೋಡೆಗೆ, ಸೋಫಾಗೆ, ಪರದೆಗೆ ಮೂತ್ರ ಚಿಮ್ಮಿಸುತ್ತದೆ. 'ಇದು ನನ್ನ ಜಾಗ' ಅಂತ ಅದು ಸಾರುವ ರೀತಿ ಅದು. ಹೆಣ್ಣಾದರೆ ಬೆದೆಗೆ ಬಂದಾಗ ರಾತ್ರಿಯೆಲ್ಲ ಕೂಗುತ್ತದೆ, ಊರಿನ ಗಂಡು ಬೆಕ್ಕುಗಳೆಲ್ಲ ಕಾಂಪೌಂಡ್ ಮೇಲೆ ಸೇರುತ್ತವೆ. ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗಬ್ಬವಾದರೆ ಸುಮಾರು ಎರಡು ತಿಂಗಳಿಗೆ ಮರಿ. ಒಂದು ಬೆಕ್ಕಿಗೆ ಒಪ್ಪಿದ ಓನರ್ ಐದಕ್ಕೆ ಯಾಕೆ ಒಪ್ಪುತ್ತಾರೆ? ಐದಾರು ತಿಂಗಳ ವಯಸ್ಸಿಗೆ ಪಶು ವೈದ್ಯರಿಗೆ ತೋರಿಸಿ ಮಾಡಿಸಿಬಿಡಿ. ಒಂದು ಸಲವಾದರೂ ಮರಿ ಹಾಕಲಿ, ಇಲ್ಲದಿದ್ದರೆ ಪಾಪ ಅನ್ನುವ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಆ ಮರಿಗಳಿಗೆ ಮನೆ ಹುಡುಕಲಾಗದೆ ಮಾರುಕಟ್ಟೆ ಹತ್ತಿರ ಬಿಟ್ಟು ಬರುತ್ತಾರಲ್ಲ, ಪಾಪ ಅಂದರೆ ಅದು.

ಎರಡನೆಯದು ಲಿಟರ್ ಟ್ರೇ, ಅಂದರೆ ಬೆಕ್ಕು ಮಲಮೂತ್ರ ಮಾಡಲು ಮಣ್ಣೋ ಹೊಟ್ಟೋ (ಅದೇ ಲಿಟರ್) ತುಂಬಿ ಇಡುವ ತಟ್ಟೆ. ಒಂದು ಬೆಕ್ಕಿದ್ದರೆ ಎರಡು ಟ್ರೇ ಇಡಿ, ಎರಡಿದ್ದರೆ ಮೂರು. ಊಟದ ತಟ್ಟೆಯ ಪಕ್ಕ ಇಡಬೇಡಿ, ವಾಷಿಂಗ್ ಮೆಷಿನ್ ಸದ್ದು ಮಾಡುವ ಕಡೆಯೂ ಬೇಡ. ಅಂಗಡಿಯ ಗಟ್ಟಿಯಾಗುವ ಮಣ್ಣಿನ ಲಿಟರ್ ದುಬಾರಿ ಅನ್ನಿಸಿದರೆ ಸಾಮಿಲ್‌ನಿಂದ ಮರದ ಹೊಟ್ಟು ತಂದು, ಒಣಗಿಸಿ, ಪುಡಿ ಧೂಳನ್ನು ಜರಡಿ ಹಿಡಿದು ಬಳಸಬಹುದು. ದಿನಕ್ಕೆ ಎರಡು ಸಲ ಗಲೀಜು ತೆಗೆಯಿರಿ, ವಾರಕ್ಕೊಮ್ಮೆ ಟ್ರೇ ಪೂರ್ತಿ ಖಾಲಿ ಮಾಡಿ ಸೋಪಿನ ನೀರಲ್ಲಿ ತೊಳೆದು ಬಿಸಿಲಿಗಿಡಿ. ಮಣ್ಣಿನ ಲಿಟರನ್ನು ಟಾಯ್ಲೆಟ್‌ಗೆ ಸುರಿಯಲೇಬೇಡಿ. ಪೈಪಿನೊಳಗೆ ಸಿಮೆಂಟಿನ ಹಾಗೆ ಕಟ್ಟಿಕೊಳ್ಳುತ್ತದೆ, ಆ ರಿಪೇರಿ ಖರ್ಚು ನಿಮ್ಮ ತಲೆಗೇ ಬರುತ್ತದೆ.

ನೆಲದ ಮೇಲೆ ಮಾಡಿಬಿಟ್ಟರೆ ಮೊದಲು ಹಳೇ ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಟೈಲ್ಸ್ ಆದರೆ ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ ಒರೆಸಬಹುದು. ಸರಸ್ವತಿಪುರಂ, ಚಾಮುಂಡಿಪುರಂ ಕಡೆಯ ಹಳೇ ಮನೆಗಳಲ್ಲಿ ಮೊಸಾಯಿಕ್ ನೆಲ ಇರುತ್ತದೆ. ಅದಕ್ಕೂ ಮಾರ್ಬಲ್‌ಗೂ ವಿನೆಗರ್ ತಾಗಿಸಬಾರದು, ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಅಂಥ ನೆಲಕ್ಕೆ ಪೆಟ್ ಅಂಗಡಿಯಲ್ಲಿ ಸಿಗುವ ಎಂಜೈಮ್ ಕ್ಲೀನರ್ ತನ್ನಿ. ಕಾಸು ಸ್ವಲ್ಪ ಜಾಸ್ತಿ, ಆದರೆ ವಾಸನೆಯ ಬೇರನ್ನೇ ತೆಗೆಯುವುದು ಅದೊಂದೇ. ಬ್ಲೀಚಿಂಗ್ ಪೌಡರ್ ಮಾತ್ರ ಹಾಕಬೇಡಿ. ಮೂತ್ರದ ಅಮೋನಿಯಾ ಜೊತೆ ಸೇರಿದರೆ ಮೂಗು ಗಂಟಲು ಉರಿಸುವ ವಿಷದ ಗಾಳಿ ಬರುತ್ತದೆ.

ಫಿನಾಯಿಲ್ ಬಗ್ಗೆ ಬಿಡಿಸಿ ಹೇಳಬೇಕು. ವಾಸನೆ ಬಾರದಿರಲಿ ಅಂತ ದಿನಾ ಫಿನಾಯಿಲ್ ಹಾಕಿ ಒರೆಸುವವರು ಬಹಳ ಜನ. ಬೆಕ್ಕು ಆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಳ್ಳುತ್ತದೆ. ಫಿನಾಲ್ ಇರುವ ವಸ್ತುಗಳನ್ನು ಕರಗಿಸುವ ಶಕ್ತಿ ಅದರ ಲಿವರ್‌ಗೆ ಇಲ್ಲ. ನುಸಿ ಗುಳಿಗೆಯೂ ವಿಷವೇ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ನಾಯಿಗೆ ಹಾಕುವ ಉಣ್ಣೆ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಅದೂ ಹಾಗೇ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಕೂರಿಸಿಕೊಂಡು ಹೇಳಿ.

ಚೆನ್ನಾಗಿ ಟ್ರೇ ಬಳಸುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಹೊರಗೆ ಮಾಡತೊಡಗಿದರೆ ಬಯ್ಯಬೇಡಿ, ಡಾಕ್ಟರಿಗೆ ತೋರಿಸಿ. ಗಂಡು ಬೆಕ್ಕು ಟ್ರೇಗೆ ಹೋಗಿ ಹೋಗಿ ಕೂತು, ಮುಕ್ಕಿ, ಹನಿಯೂ ಬರದಿದ್ದರೆ ಮೂತ್ರನಾಳ ಕಟ್ಟಿದೆ ಎಂದೇ ತಿಳಿಯಿರಿ. ಬೆಳಗಾಗಲಿ ನೋಡೋಣ ಅನ್ನುವ ಸಮಯ ಅದಲ್ಲ. ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು.

ಗೀರುವುದನ್ನು ಬಿಡಿಸಲು ಆಗುವುದಿಲ್ಲ, ಜಾಗ ಬದಲಾಯಿಸಬಹುದು. ಸಂತೆಪೇಟೆಯಲ್ಲಿ ತೆಂಗಿನ ನಾರಿನ ಹಗ್ಗ ತಂದು ಹಳೇ ಸ್ಟೂಲಿನ ಕಾಲಿಗೆ ಒತ್ತಾಗಿ ಸುತ್ತಿ. ಅಥವಾ ಗೋಣಿ ಚೀಲವನ್ನು ಹಲಗೆಗೆ ಬಿಗಿದು ನಿಲ್ಲಿಸಿ. ಬೆಕ್ಕು ಮೈ ಚಾಚಿ ನಿಂತರೂ ಎಟುಕುವಷ್ಟು ಎತ್ತರ ಇರಬೇಕು, ಅಲ್ಲಾಡಬಾರದು. ಮೂಲೆಯಲ್ಲಿ ಬಚ್ಚಿಟ್ಟರೆ ಮುಟ್ಟುವುದಿಲ್ಲ. ಅದು ಮಲಗಿ ಏಳುವ ಜಾಗದ ಪಕ್ಕದಲ್ಲೇ ಇಡಿ, ಎದ್ದ ತಕ್ಷಣ ಗೀರುವುದು ಅದರ ಅಭ್ಯಾಸ. ಉಗುರಿನ ತುದಿಯನ್ನು ಎರಡು ಮೂರು ವಾರಕ್ಕೊಮ್ಮೆ ಕತ್ತರಿಸಿ, ಒಳಗಿನ ಗುಲಾಬಿ ಭಾಗಕ್ಕೆ ತಾಗಬಾರದು.

ನೆರೆಹೊರೆಯ ಜಗಳಕ್ಕೆ ಒಂದೇ ಮದ್ದು: ಬೆಕ್ಕು ಮನೆಯೊಳಗೇ ಇರಲಿ. ಹಳ್ಳಿಯಲ್ಲಿ ಹಗೇವು, ಕಣಜ ಇದ್ದ ಕಾಲದಲ್ಲಿ ಬೆಕ್ಕು ಊರೆಲ್ಲ ತಿರುಗಿದರೂ ಯಾರೂ ಕೇಳುತ್ತಿರಲಿಲ್ಲ. ಈಗಿನ ಬಡಾವಣೆಯಲ್ಲಿ ಪಕ್ಕದವರ ಬೈಕ್ ಸೀಟು ಹರಿದರೆ, ತುಳಸಿ ಕುಂಡದಲ್ಲಿ ಗಲೀಜು ಮಾಡಿದರೆ, ತಾರಸಿ ಮೇಲೆ ಒಣಗಿಸಿದ ಸಂಡಿಗೆ ತುಳಿದರೆ ಸುಮ್ನೆ ಇರುತ್ತಾರಾ? ಇರಬೇಕಾಗಿಯೂ ಇಲ್ಲ. ಕಿಟಕಿಗಳಿಗೆ ಲೋಹದ ಮೆಶ್ ಹಾಕಿಸಿ. ವೆಲ್ಕ್ರೋ ಅಂಟಿಸುವ ಸೊಳ್ಳೆ ಪರದೆಯನ್ನು ಬೆಕ್ಕು ಒಂದೇ ಏಟಿಗೆ ಕಿತ್ತುಹಾಕುತ್ತದೆ. ಬಾಲ್ಕನಿಗೆ ಗಟ್ಟಿ ನೈಲಾನ್ ಬಲೆ ಬೇಕು. ಮೂರನೇ ಮಹಡಿಯಿಂದ ಬಿದ್ದರೂ ಬೆಕ್ಕಿಗೆ ಏನೂ ಆಗಲ್ಲ ಅನ್ನುವುದು ಸುಳ್ಳು. ದವಡೆ, ಕಾಲು, ಎದೆ ಎಲ್ಲಕ್ಕೂ ಪೆಟ್ಟಾಗುತ್ತದೆ. ಅಕ್ಕಪಕ್ಕದವರ ಕುಂಡಕ್ಕೆ ಬೀದಿ ಬೆಕ್ಕು ಬರುತ್ತಿದ್ದರೂ ನೀವೇ ಹೋಗಿ, ಮಣ್ಣಿನ ಮೇಲೆ ತೆಂಗಿನ ಸಿಪ್ಪೆ ಇಲ್ಲವೇ ದಪ್ಪ ಜಲ್ಲಿ ಹರಡಿ ಅಂತ ಹೇಳಿಕೊಡಿ. ಬೆಕ್ಕಿಗೆ ಕೆರೆಯಲು ಮೆತ್ತನೆ ಮಣ್ಣು ಸಿಗದಿದ್ದರೆ ಬರುವುದಿಲ್ಲ.

ಊಟದ ವಿಷಯ ಮೈಸೂರಿನಲ್ಲಿ ನಾಜೂಕು. 'ಸಸ್ಯಾಹಾರಿಗಳಿಗೆ ಮಾತ್ರ' ಅಂತ ಟು-ಲೆಟ್ ಬೋರ್ಡಿನಲ್ಲೇ ಬರೆದಿರುತ್ತಾರೆ. ಬೆಕ್ಕನ್ನು ಮೊಸರನ್ನದಲ್ಲಿ ಸಾಕುತ್ತೇನೆ ಅಂತ ಮಾತು ಕೊಡಬೇಡಿ. ಟಾರಿನ್ ಅನ್ನುವ ಅಂಶ ಅದಕ್ಕೆ ಮಾಂಸದಿಂದಲೇ ಬರಬೇಕು. ಅದು ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹಾಲು ಕೂಡ ದೊಡ್ಡ ಬೆಕ್ಕುಗಳಿಗೆ ಬಹಳ ಸಲ ಅರಗದೆ ಭೇದಿಯಾಗುತ್ತದೆ. ಅಡುಗೆಮನೆಯಲ್ಲಿ ಏನೂ ಬೇಯಿಸುವುದಿಲ್ಲ, ಪ್ಯಾಕೆಟ್ಟಿನ ಒಣ ಆಹಾರ ಮಾತ್ರ ಹಾಕುತ್ತೇವೆ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಪ್ಪುವವರು ಒಪ್ಪುತ್ತಾರೆ. ಒಪ್ಪದಿದ್ದರೆ ಆ ಮನೆ ಬೇಡ.

ಮನೆ ಬದಲಾಯಿಸುವ ದಿನ ಬೆಕ್ಕನ್ನು ಒಂದು ರೂಮಿನಲ್ಲಿ ಹಾಕಿ ಚಿಲಕ ಹಾಕಿ, ಬಾಗಿಲಿಗೆ ಚೀಟಿ ಅಂಟಿಸಿ. ಸಾಮಾನು ಎತ್ತುವ ಗಲಾಟೆಯಲ್ಲಿ ತಪ್ಪಿಸಿಕೊಳ್ಳುವ ಬೆಕ್ಕುಗಳೇ ಜಾಸ್ತಿ. ಹೊಸ ಮನೆಯಲ್ಲೂ ಮೊದಲು ಒಂದೇ ರೂಮು. ಅದು ಮಲಗುತ್ತಿದ್ದ ಹಳೇ ಬೆಡ್‌ಶೀಟ್ ತೊಳೆಯದೆ ಹಾಸಿ. ಹಾಲುಕ್ಕಿಸಲು ನೆಂಟರು ಬಂದು ಹೋಗುವವರೆಗೂ ಆ ಬಾಗಿಲು ತೆಗೆಯಬೇಡಿ. ದಸರಾ ಹೊತ್ತಿಗೆ ಅರಮನೆ ಸುತ್ತಮುತ್ತ ಮನೆ ಮಾಡಿದರೆ ಫಿರಂಗಿ ಸಿಡಿಸುವ ಕುಶಾಲತೋಪಿನ ತಾಲೀಮು ನಡೆಯುವ ದಿನಗಳಲ್ಲೂ ಹೀಗೇ ಒಳಗಿಡಿ. ದೀಪಾವಳಿಗಂತೂ ಸರಿಯೇ ಸರಿ.

'ಬೆಕ್ಕು ಮನೆಯನ್ನು ನೆಚ್ಚಿಕೊಂಡಿರುತ್ತದೆ, ಜನರನ್ನಲ್ಲ. ಇಲ್ಲೇ ಬಿಟ್ಟು ಹೋಗಿ, ಹೇಗೋ ಬದುಕಿಕೊಳ್ಳುತ್ತೆ' ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಆ ಮಾತು ಕೇಳಬೇಡಿ. ತಟ್ಟೆಯಲ್ಲಿ ತಿಂದು ಬೆಳೆದ ಬೆಕ್ಕು ಬೀದಿಯಲ್ಲಿ ಬದುಕುವುದು ಕಷ್ಟ. ಬೀಗ ಹಾಕಿದ ಬಾಗಿಲ ಮುಂದೆ ಕೂತು ಕೂಗುವ ಬೆಕ್ಕುಗಳನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ, ನನಗೆ ತಡೆಯಲಾಗಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಕೂಡ. ತುರ್ತಾಗಿ ಮನೆ ಬಿಡಬೇಕಾಗಿ ಬಂದು, ಬೆಕ್ಕಿಗೆ ಒಪ್ಪುವ ಮನೆ ಸಿಗದಿದ್ದರೆ ಅಕ್ಕನೋ ಚಿಕ್ಕಮ್ಮನೋ ಸ್ನೇಹಿತರೋ ಒಂದು ತಿಂಗಳು ಇಟ್ಟುಕೊಳ್ಳುತ್ತಾರಾ ಕೇಳಿ. ಅದರ ಆಹಾರ, ಲಿಟರ್, ಟ್ರೇ ಎಲ್ಲವನ್ನೂ ನೀವೇ ಕೊಟ್ಟು ಕಳಿಸಿ.

ಮನೆಯಲ್ಲಿ ಹೆಣ್ಣುಮಗಳು ಬಸುರಿ ಆದಳು ಅಂತ ಬೆಕ್ಕನ್ನು ಓಡಿಸುವುದೂ ಬೇಡ. ಟಾಕ್ಸೊಪ್ಲಾಸ್ಮಾ ಅನ್ನುವ ರೋಗಾಣು ಬೆಕ್ಕಿನ ಮಲದಲ್ಲಿ ಇರಬಹುದು ನಿಜ. ಆದರೆ ಅದು ಅಂಟುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ಗಂಡನೋ ಅತ್ತೆಯೋ ದಿನಾ ತಪ್ಪದೆ ಟ್ರೇ ತೆಗೆದು ಕೈ ತೊಳೆದುಕೊಂಡರೆ ಆಯಿತು. ಬಸುರಿ ಮುಟ್ಟುವುದು ಬೇಡ. ಬೆಕ್ಕು ಯಾರಿಗಾದರೂ ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, 15 ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ.

ಮನೆ ಖಾಲಿ ಮಾಡುವಾಗ ಕೊನೇ ವಾರ ಪರದೆ, ಹಾಸಿಗೆ ಹೊದಿಕೆ ಎಲ್ಲ ಒಗೆದುಬಿಡಿ. ಮೆಶ್ ಬಿಚ್ಚಿದ ತೂತಿಗೆ ವೈಟ್ ಸಿಮೆಂಟ್ ತುಂಬಿ. ಒಂದು ಇಡೀ ದಿನ ಕಿಟಕಿ ಬಾಗಿಲು ಮುಚ್ಚಿ, ಮಾರನೇ ದಿನ ಬೆಕ್ಕಿಲ್ಲದ ಮನೆಯವರೊಬ್ಬರನ್ನು ಒಳಗೆ ಕರೆಯಿರಿ. ದಿನಾ ಒಳಗಿರುವ ನಿಮ್ಮ ಮೂಗಿಗೆ ವಾಸನೆ ತಿಳಿಯದು, ಅವರಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಆಮೇಲೆ ಓನರ್ ಜೊತೆ ರೂಮು ರೂಮು ಓಡಾಡಿ, ಮೊದಲ ದಿನದ ವಿಡಿಯೋ ತೋರಿಸಿ, ಅಡ್ವಾನ್ಸ್ ಲೆಕ್ಕ ಮುಗಿಸಿಕೊಳ್ಳಿ.