ಎರಡು ಸೋತು ಮನೆಗೆ ಹೋದವರ ಲೆಕ್ಕ

ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. 2017ರ ಜುಲೈಯಿಂದ 2024ರ ಜನವರಿವರೆಗೆ ಬೆಂಗಳೂರಿನಲ್ಲಿ ನಾವೊಂದಿಷ್ಟು ಜನ ಭಾನುವಾರ ಭಾನುವಾರ ಸೇರಿ ಟೆಕ್ಕನ್ 7 ಅನ್ನೋ ಹೊಡೆದಾಟದ ವಿಡಿಯೋ ಗೇಮ್ ಆಡಿದ್ದರ ಲೆಕ್ಕವೆಲ್ಲ ಅದರಲ್ಲಿದೆ. ಯಾರು ಬಂದರು, ಯಾರು ಯಾರಿಗೆ ಸೋತರು, ಯಾರು ಐವತ್ತು ರೂಪಾಯಿ ಬಾಕಿ ಉಳಿಸಿಕೊಂಡರು, ಎಲ್ಲ. ಮೊದಲ ಪುಟದಲ್ಲಿ 9 ಹೆಸರು. 2019ರ ಒಂದು ಪುಟದಲ್ಲಿ 34. ಕೊನೆಯ ಪುಟದಲ್ಲಿ 4, ಅದರಲ್ಲಿ ಒಂದು ನನ್ನದೇ.

ಆ ಗುಂಪು ಯಾಕೆ ಮುಗಿದುಹೋಯ್ತು ಅಂತ ಈಗಲೂ ಯಾರಾದರೂ ಕೇಳುತ್ತಾರೆ. ಟೆಕ್ಕನ್ 8 ಬಂತಲ್ಲ, ಅದಕ್ಕೇ ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಮೊನ್ನೆ ಮನೆ ಕ್ಲೀನ್ ಮಾಡುವಾಗ ನೋಟ್‌ಬುಕ್ ಸಿಕ್ಕಿ ಕೂತು ತಿರುವಿ ಹಾಕಿದೆ. ನೋಡಿದರೆ ಹೊಸ ಆಟ ಬರುವುದಕ್ಕೆ ಒಂದೂವರೆ ವರ್ಷ ಮೊದಲೇ ನಮ್ಮ ಕಥೆ ಮುಗಿದಿತ್ತು. ಅದು ನಮಗೇ ಗೊತ್ತಾಗಿರಲಿಲ್ಲ ಅಷ್ಟೇ.

ನಾನು ಟೆಕ್ಕನ್ ಕಲಿತಿದ್ದು ದಾವಣಗೆರೆಯಲ್ಲಿ, ಶಾಲೆಗೆ ಹೋಗುವಾಗ. ಕಾಯಿನ್ ಹಾಕುವ ಅಂಗಡಿಯಲ್ಲಿ ನಾವೆಲ್ಲ 'ಮುಸ್ತಫಾ ಗೇಮ್' ಅಂತ ಕರೆಯುತ್ತಿದ್ದ ಆಟ. (ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಆಂಡ್ ಡೈನೋಸಾರ್ಸ್ ಅಂತ ಗೊತ್ತಾದಾಗ ನನಗೆ ಕೆಲಸ ಸಿಕ್ಕಿತ್ತು.) ಅದರ ಪಕ್ಕದ ಅಂಗಡಿಯಲ್ಲಿ ಪ್ಲೇಸ್ಟೇಷನ್‌ನಲ್ಲಿ ಟೆಕ್ಕನ್ 3, ಗಂಟೆಗೆ ಹತ್ತು ರೂಪಾಯಿ. ಎಡ್ಡಿ ಅನ್ನೋ ಕ್ಯಾರೆಕ್ಟರ್ ತಗೊಂಡು ಕಾಲಿನ ಎರಡು ಬಟನ್ ಕುಟ್ಟುತ್ತಾ ಇದ್ದರೆ ಯಾರನ್ನು ಬೇಕಾದರೂ ಹೊಡೆಯಬಹುದು ಅನ್ನೋದು ನಮ್ಮ ಆಗಿನ ವಿದ್ಯೆ. ನೀವೂ ಹಾಗೇ ಆಡಿರುತ್ತೀರಿ, ಅಲ್ವಾ?

ಟೆಕ್ಕನ್ 7 ಮನೆಯ ಮಿಷಿನ್‌ಗಳಿಗೆ ಬಂದಿದ್ದು 2017ರ ಜೂನ್ 2ಕ್ಕೆ. ಮುಂದಿನ ತಿಂಗಳೇ ಜಯನಗರದ ಕಡೆ ಒಂದು ಗೇಮಿಂಗ್ ಕೆಫೆಯವರನ್ನು ಕೇಳಿಕೊಂಡು ಶುರು ಮಾಡಿದೆವು. ನಾಲ್ಕು ಪಿಎಸ್4 (ಪ್ಲೇಸ್ಟೇಷನ್ 4), ನಾಲ್ಕು ಮಾನಿಟರ್, ಒಂದು ಉದ್ದದ ಎಕ್ಸ್‌ಟೆನ್ಶನ್ ಬಾಕ್ಸ್. ಒಂದು ಮಾನಿಟರ್ ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ತರುತ್ತಿದ್ದೆ. ಯಾಕೆ ಟಿವಿ ಅಲ್ಲ ಅಂದರೆ, ಆಟ ಸೆಕೆಂಡಿಗೆ 60 ಫ್ರೇಮ್ (ಅಂದರೆ 60 ಚಿತ್ರ) ಓಡುತ್ತದೆ, ಬಹಳಷ್ಟು ಕ್ಯಾರೆಕ್ಟರ್‌ಗಳ ಅತಿ ವೇಗದ ಏಟು 10 ಫ್ರೇಮ್‌ನದು, ಟಿವಿ ಚಿತ್ರ ತೋರಿಸುವುದಕ್ಕೇ ನಾಲ್ಕೈದು ಫ್ರೇಮ್ ತಿಂದರೆ ಸೋತವನು "ಟಿವಿ ಸರಿ ಇಲ್ಲ" ಅಂತಾನೆ, ಅವನು ಹೇಳೋದು ನಿಜವೂ ಆಗಿರುತ್ತದೆ.

ಇನ್ನೊಂದು ತಲೆನೋವು ಕಂಟ್ರೋಲರ್. ಪಿಎಸ್4ದು ವೈರ್ ಇಲ್ಲದೆ ಕನೆಕ್ಟ್ ಆಗುತ್ತಲ್ಲ. ಆಟ ಮುಗಿಸಿದವನು ಕನೆಕ್ಷನ್ ತೆಗೆಯದೆ ಬ್ಯಾಗಿಗೆ ಹಾಕಿಕೊಂಡು ಟೀ ಕುಡಿಯಲು ಹೋಗುತ್ತಾನೆ, ಬ್ಯಾಗಿನಲ್ಲಿ ಬಟನ್ ಒತ್ತಿಹೋಗಿ ಇಲ್ಲಿ ಇನ್ಯಾರದ್ದೋ ಫೈನಲ್ ಮ್ಯಾಚ್ ಕೊನೆಯ ರೌಂಡಿನಲ್ಲಿ ನಿಂತುಹೋಗುತ್ತದೆ. ಮೊದಲ ಮೂರು ತಿಂಗಳ ಜಗಳದಲ್ಲಿ ಅರ್ಧ ಇದೇ.

ಸ್ಟಿಕ್ (ಕಾಯಿನ್ ಮಿಷಿನ್‌ನಲ್ಲಿ ಇರುವಂಥ ಕೋಲು, ಬಟನ್ ಇರುವ ಡಬ್ಬ) ಬೇಕಾದವರಿಗೆ ಅಮೆರಿಕಾದಿಂದ ಯಾರಾದರೂ ಬರಬೇಕು. ಇಲ್ಲಿ ತರಿಸಿದರೆ ಕಸ್ಟಮ್ಸ್ ಸೇರಿ ರೇಟು ಎಲ್ಲಿಗೋ ಹೋಗುತ್ತಿತ್ತು. ನಮ್ಮಲ್ಲಿ ಒಬ್ಬರು (ಪಾಲ್ ಅನ್ನೋ ಕ್ಯಾರೆಕ್ಟರ್ ಆಡುತ್ತಿದ್ದರು, ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವರು, ಅದಕ್ಕೇ ಎಲ್ಲರಿಗೂ ಪಾಲ್ ಅಣ್ಣ) ಎಸ್‌ಪಿ ರೋಡಿಗೆ ಹೋಗಿ ಬಟನ್, ಸ್ವಿಚ್ಚು, ವೈರು ತಂದು, ಬಡಗಿ ಹತ್ತಿರ ಪ್ಲೈವುಡ್ ಡಬ್ಬ ಮಾಡಿಸಿ, ಹಳೆಯ ಕಂಟ್ರೋಲರ್ ಒಂದನ್ನು ಬಿಚ್ಚಿ ಅದರ ಬೋರ್ಡಿಗೆ ಬೆಸುಗೆ ಹಾಕಿ ತಾವೇ ಒಂದು ಸ್ಟಿಕ್ ಮಾಡಿಕೊಂಡಿದ್ದರು. ಡಬ್ಬದ ಮೇಲೆ ಅಡುಗೆಮನೆ ಕಪಾಟಿಗೆ ಹಾಕುವ ಸನ್‌ಮೈಕಾ. ಐದು ವರ್ಷ ಆಡಿದರು, ಒಂದು ಬಟನ್ ಕೂಡ ಹೋಗಲಿಲ್ಲ.

ಈಗ ನೋಟ್‌ಬುಕ್ಕಿನ ವಿಷಯ. ಇಂಥ ಟೂರ್ನಮೆಂಟ್‌ಗಳೆಲ್ಲ ನಡೆಯುವುದು ಎರಡು ಸೋಲಿನ ಲೆಕ್ಕದಲ್ಲಿ. ಒಂದು ಸೋತರೆ ಕೆಳಗಿನ ಸಾಲಿಗೆ, ಎರಡನೆಯದು ಸೋತರೆ ಮನೆಗೆ. ಕೇಳೋಕೆ ಚೆನ್ನಾಗಿದೆ. ಆದರೆ ಪೆನ್ಸಿಲ್ ತಗೊಂಡು ಕೂತು ನೋಡಿ: 16 ಜನ ಇದ್ದರೆ ಮೊದಲ ಸುತ್ತಿನಲ್ಲಿ 8 ಜನ ಸೋಲುತ್ತಾರೆ, ಆ 8 ಜನ ತಮ್ಮತಮ್ಮಲ್ಲೇ ಆಡಿ 4 ಜನ ಮತ್ತೆ ಸೋಲುತ್ತಾರೆ. ಅಂದರೆ ಕಾಲು ಭಾಗ ಜನ ಒಂದೂ ಗೆಲ್ಲದೆ ಮನೆಗೆ ಹೋಗಲೇಬೇಕು. ಅವರು ಕೆಟ್ಟದಾಗಿ ಆಡಿದರು ಅಂತಲ್ಲ, ಲೆಕ್ಕವೇ ಹಾಗೆ. ಕೆಂಗೇರಿಯಿಂದಲೋ ಹೊಸಕೋಟೆಯಿಂದಲೋ ಎರಡು ಬಸ್ಸು ಬದಲಿಸಿ ಬಂದವನು ಇಪ್ಪತ್ತು ನಿಮಿಷದಲ್ಲಿ ಔಟ್. ಅವನು ಮುಂದಿನ ಭಾನುವಾರ ಯಾಕೆ ಬರಬೇಕು?

2017ರ ಕೊನೆಯಲ್ಲಿ ನಾನು ಎಣಿಸಿದ್ದೆ. ಎರಡೂ ಸೋತು ಹೋದ ಹೊಸಬರಲ್ಲಿ ಮತ್ತೆ ಮುಖ ತೋರಿಸಿದವರು ಕೈಬೆರಳಿನಲ್ಲಿ ಎಣಿಸುವಷ್ಟು. ಆಮೇಲೆ ಪದ್ಧತಿ ಬದಲಿಸಿದೆ. ಮೊದಲು ನಾಲ್ಕು ನಾಲ್ಕು ಜನರ ಗುಂಪು, ಎಲ್ಲರಿಗೂ ಮೂರು ಮ್ಯಾಚ್ ಗ್ಯಾರಂಟಿ. ಗುಂಪಿನಲ್ಲಿ ಕೆಳಗೆ ಉಳಿದವರಿಗೆ ಬೇರೆಯೇ ಒಂದು ಟೂರ್ನಮೆಂಟ್, ಅದನ್ನು ಗೆದ್ದವನಿಗೆ ಅವತ್ತಿನ ತಿಂಡಿ ಖರ್ಚು ನಮ್ಮದು. ಜೊತೆಗೆ ಒಂದು ನಿಯಮ, ಗೆದ್ದವನು ಏಳುವ ಮೊದಲು ಸೋತವನಿಗೆ ಒಂದೇ ಒಂದು ವಿಷಯ ಹೇಳಿಕೊಡಬೇಕು.

ತುಮಕೂರಿನಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ, ಲಾ ಅನ್ನೋ ಕ್ಯಾರೆಕ್ಟರ್ ಆಡುತ್ತಿದ್ದ. ಆಗಿನ್ನೂ ಡಿಪ್ಲೊಮಾ. ಕಿಂಗ್ ಆಡುವ ನಮ್ಮವನೊಬ್ಬ ಅವನನ್ನು ಎತ್ತಿ ಎತ್ತಿ ಬಿಸಾಕಿದ. ಕಿಂಗ್ ಅಂದರೆ ಜಾಗ್ವಾರ್ ಮುಖವಾಡದ ಕುಸ್ತಿಯವನು, ಅವನ ಕೆಲಸವೇ ಅದು. ಮೂರು ರೌಂಡಿನಲ್ಲಿ ಹುಡುಗ ಒಂದು ಎಸೆತವನ್ನೂ ಬಿಡಿಸಿಕೊಳ್ಳಲಿಲ್ಲ.

"ಅಣ್ಣ, ಇದಕ್ಕೇನು ಮಾಡೋದು? ಸುಮ್ನೆ ಅದೃಷ್ಟದ ಮೇಲೆ ಒತ್ತಬೇಕಾ?"

"ಮುಖ ನೋಡಬೇಡ ಮಗಾ, ಕೈ ನೋಡು. ಬಲಗೈ ಮುಂದೆ ಬಂದರೆ ಬಲಗೈ ಬಟನ್ ಒತ್ತು. ಎಡಗೈ ಬಂದರೆ ಎಡಗೈದು. ಎರಡೂ ಬಂದರೆ ಎರಡೂ."

"ಅಷ್ಟರಲ್ಲಿ ಎಲ್ಲಿ ಕಾಣುತ್ತೆ ಅಣ್ಣ?"

"ಇವತ್ತು ಕಾಣಲ್ಲ. ಇನ್ನೊಂದು ತಿಂಗಳು ಬಾ."

ಬಂದ. ಪ್ರಾಕ್ಟೀಸ್ ಮೋಡಿನಲ್ಲಿ ಕಿಂಗ್‌ನನ್ನು ನಿಲ್ಲಿಸಿಕೊಂಡು ಬರೀ ಕೈಗಳನ್ನೇ ನೋಡುತ್ತಾ ಕೂರುತ್ತಿದ್ದನಂತೆ, ಅವರಮ್ಮ ಏನೋ ಆಗಿದೆ ಅಂದುಕೊಂಡರಂತೆ. ನೋಟ್‌ಬುಕ್ ಪ್ರಕಾರ ಅವನು ಮೊದಲ ಮ್ಯಾಚ್ ಗೆದ್ದಿದ್ದು ಆರನೇ ವಾರ.

2018, 2019 ನಮ್ಮ ಒಳ್ಳೆ ಕಾಲ. 2019ರ ಫೆಬ್ರವರಿಯಲ್ಲಿ ಲಾಹೋರಿನ ಅರ್ಸಲಾನ್ ಆಶ್ ಜಪಾನಿನ ಫುಕುವೋಕಾದಲ್ಲಿ ಇವೋ ಜಪಾನ್ ಅನ್ನೋ ದೊಡ್ಡ ಟೂರ್ನಮೆಂಟ್ ಗೆದ್ದ. ಅಲ್ಲಿವರೆಗೂ ಕೊರಿಯಾ, ಜಪಾನ್ ಬಿಟ್ಟರೆ ಟೆಕ್ಕನ್ ಇಲ್ಲ ಅನ್ನೋ ಲೆಕ್ಕ. ಆಗಸ್ಟಿನಲ್ಲಿ ಲಾಸ್ ವೇಗಸ್‌ನ ಇವೋ ಕೂಡ ಗೆದ್ದ, ಫೈನಲ್‌ನಲ್ಲಿ ಕೊರಿಯಾದ 'ನೀ' (Knee) ಅನ್ನೋ ಆಟಗಾರನನ್ನೇ ಸೋಲಿಸಿ. ಮುಂದಿನ ಭಾನುವಾರ ನಮ್ಮಲ್ಲಿ ಕುರ್ಚಿ ಸಾಲಲಿಲ್ಲ. ಲಾಹೋರಿನವರಿಗೆ ಆಗುತ್ತೆ ಅಂದರೆ ನಮಗೂ ಆಗುತ್ತೆ ಅನ್ನೋ ಹುರುಪು. ನಮಗೆ ಆಗಲಿಲ್ಲ ಬಿಡಿ. ಅವರು ಒಂದೇ ಊರಿನಲ್ಲಿ ದಿನಾ ರಾತ್ರಿ ಒಬ್ಬರ ಪಕ್ಕ ಒಬ್ಬರು ಕೂತು ಆಡಿ ಬೆಳೆದವರು, ನಾವು ವಾರಕ್ಕೊಂದು ದಿನದವರು. ಆದರೆ ಆ ಹುರುಪಿನಿಂದ ಬಂದವರಲ್ಲಿ ಹತ್ತು ಜನ ಉಳಿದುಕೊಂಡರು.

ಅದೇ ಡಿಸೆಂಬರ್‌ನಲ್ಲಿ ಲೀರಾಯ್ ಸ್ಮಿತ್ ಅನ್ನೋ ಕ್ಯಾರೆಕ್ಟರ್ ಬಂತು. ಏನು ಮಾಡಿದರೂ ತಪ್ಪಿಲ್ಲ, ಹೊಡೆದಿದ್ದೆಲ್ಲ ಲಾಭ. ಜನವರಿಯ ಇವೋ ಜಪಾನ್‌ನಲ್ಲಿ ಕೊನೆಯ ಎಂಟು ಜನರಲ್ಲಿ ಆರು ಜನ ಲೀರಾಯ್. ಎಲ್ಲರೂ ಬಾಯಿಗೆ ಬಂದ ಹಾಗೆ ಬೈದರು, ಆಟ ಸತ್ತೇಹೋಯ್ತು ಅಂದರು. ನೋಟ್‌ಬುಕ್ಕಿನಲ್ಲಿ ಆ ತಿಂಗಳ ಹಾಜರಿ ಒಂದಿಷ್ಟೂ ಕಮ್ಮಿಯಾಗಿಲ್ಲ. ಬೈಯುವುದಕ್ಕಾದರೂ ಬಂದರು. ಫ್ರೇಮ್ ಲೆಕ್ಕ ತೋರಿಸುವ ಸೌಲಭ್ಯವನ್ನು ಬೇರೆ ದುಡ್ಡಿಗೆ ಮಾರಿದಾಗಲೂ ಅಷ್ಟೇ, ಬೈದುಕೊಂಡೇ ಕೊಂಡುಕೊಂಡರು.

ನಮಗೆ ನಿಜವಾಗಿ ಪೆಟ್ಟು ಕೊಟ್ಟಿದ್ದು ಬಹುಮಾನದ ದುಡ್ಡು. ಒಂದು ಕಂಪನಿಯವರು 25 ಸಾವಿರ ಕೊಡುತ್ತೇವೆ ಅಂತ ಬಂದು, ಬ್ಯಾನರ್ ಕಟ್ಟಿ, ಫೋಟೋ ಹೊಡೆಸಿಕೊಂಡು ಹೋದರು. ಆಮೇಲೆ ಫೋನ್ ಎತ್ತಲಿಲ್ಲ. ಗೆದ್ದವರು ನನ್ನನ್ನು ಕೇಳಿದರು, ಇನ್ಯಾರನ್ನು ಕೇಳ್ತಾರೆ? ನಾನೇ ತಿಂದೆ ಅಂತ ಮಾತಾಯ್ತು. ಸಂಬಳದಲ್ಲಿ ನಾಲ್ಕು ಕಂತು ಮಾಡಿ ಕೊಟ್ಟೆ. ನನಗೆ ದುಡ್ಡಿಗಿಂತ ಬೇಜಾರಾಗಿದ್ದು ಬೇರೆ. ಆ ಒಂದು ದಿನಕ್ಕೆ ಬೇರೆ ಊರುಗಳಿಂದ ಬಂದ ಗಟ್ಟಿ ಆಟಗಾರರು ನಮ್ಮ ಹೊಸಬರನ್ನೆಲ್ಲ ಗುಡಿಸಿ ಹಾಕಿ ಹೋದರು, ಸೋತವರಿಗೆ ಒಂದು ಮಾತೂ ಹೇಳಲಿಲ್ಲ, ಅವತ್ತು ಬಂದಿದ್ದ ಏಳೆಂಟು ಹೊಸ ಹುಡುಗರಲ್ಲಿ ಒಬ್ಬನೂ ತಿರುಗಿ ಬರಲಿಲ್ಲ. ಆಮೇಲೆ ನಾನು ದೊಡ್ಡ ಬಹುಮಾನ ಇಡಲೇ ಇಲ್ಲ.

2020ರ ಮಾರ್ಚಿನಲ್ಲಿ ಎಲ್ಲರಿಗೂ ಆಗಿದ್ದೇ ನಮಗೂ ಆಯ್ತು. ಆನ್‌ಲೈನಿಗೆ ಹೋದೆವು. ನಮ್ಮ ಹುಡುಗರಲ್ಲಿ ಅರ್ಧ ಜನ ಪಿಜಿಗಳಲ್ಲಿ ಇದ್ದವರು, ಒಂದು ಮಹಡಿಗೆ ಒಂದು ವೈಫೈ. ಆಟ ಸ್ಲೈಡ್ ಶೋ ಥರ ಓಡುತ್ತಿತ್ತು. ಕೇಳಿದರೆ "ವೈರೇ ಹಾಕಿದ್ದೀನಿ ಅಣ್ಣ" ಅಂತಿದ್ದರು. ನವೆಂಬರ್‌ನಲ್ಲಿ ನಾಲ್ಕನೇ ಸೀಸನ್ ಬಂದಾಗ ಎದುರಿನವನದು ವೈರೋ ವೈಫೈಯೋ ಅಂತ ಆಟವೇ ತೋರಿಸೋಕೆ ಶುರು ಮಾಡಿತು. ಆ ದಿನ ಎಷ್ಟು ಜನ ಸಿಕ್ಕಿಬಿದ್ದರು ಅಂದರೆ, ಪಾಲ್ ಅಣ್ಣನದೂ ವೈಫೈ!

2022ರಲ್ಲಿ ವಾಪಸ್ ಸೇರುವಷ್ಟರಲ್ಲಿ ಕೆಫೆ ಮುಚ್ಚಿತ್ತು. ವಿಜಯನಗರದ ನಮ್ಮ ಮನೆ ಹಾಲ್‌ನಲ್ಲೇ ಶುರು ಮಾಡಿದೆವು. ಅಮ್ಮ ಟೀ ಕೊಟ್ಟು, "ಇವರಿಗೆಲ್ಲ ಮದುವೆ ಮಕ್ಕಳು ಏನೂ ಇಲ್ವೇನೋ?" ಅಂತ ಒಳಗೆ ಕರೆದು ಕೇಳುತ್ತಿದ್ದರು. ಇತ್ತು, ಅದೇ ತೊಂದರೆ. ಒಬ್ಬ ಆನ್‌ಸೈಟ್ ಹೋದ, ಒಬ್ಬನಿಗೆ ಮಗು ಆಯ್ತು, ಪಾಲ್ ಅಣ್ಣ ಪುಣೆಗೆ ಟ್ರಾನ್ಸ್‌ಫರ್ ಆದರು.

ಹೋಗುವವರು ಯಾವಾಗಲೂ ಇದ್ದರು, 2018ರಲ್ಲೂ ಹೋಗಿದ್ದರು. ಆಗ ಬರುವವರೂ ಇದ್ದರು. 2022ರಲ್ಲಿ ಬಂದ ಹೊಸಬನ ಎದುರಿಗೆ ಕೂತವರು ಐದು ವರ್ಷ ಪಳಗಿದವರು, ಲಾಕ್‌ಡೌನಿನಲ್ಲಿ ಬೇರೆ ಕೆಲಸವಿಲ್ಲದೆ ಇನ್ನೂ ಹರಿತ ಆದವರು. ಐವತ್ತಕ್ಕೂ ಹೆಚ್ಚು ಕ್ಯಾರೆಕ್ಟರ್, ಒಬ್ಬೊಬ್ಬನಿಗೂ ನೂರರ ಮೇಲೆ ಏಟು. ಹೊಸಬನಿಗೆ ಒಂದು ವಿಷಯ ಹೇಳಿಕೊಡುವ ನಿಯಮ ಇನ್ನೂ ಇತ್ತು, ಆದರೆ ಅವನಿಗೆ ಗೊತ್ತಿರಬೇಕಾಗಿದ್ದು ಇನ್ನೂರು ವಿಷಯ. ಕೆಳಗಿನ ಟೂರ್ನಮೆಂಟ್ ನಡೆಸೋಣ ಅಂದರೆ ಕೆಳಗಿನವರು ಅಂತ ಯಾರೂ ಉಳಿದಿರಲಿಲ್ಲ, ನಾವು ಚೆನ್ನಾಗಿ ಆಡುವ ಹತ್ತು ಜನ ಅಷ್ಟೇ. 2022ರ ಜುಲೈ ಆದಮೇಲೆ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಹೊಸ ಹೆಸರಿಲ್ಲ. ನಮಗೆ ಮಾತ್ರ ಆಟದ ಮಟ್ಟ ಎಷ್ಟು ಏರಿದೆ ಅಂತ ಹೆಮ್ಮೆ!

ಸೆಪ್ಟೆಂಬರ್‌ನಲ್ಲಿ ಟೆಕ್ಕನ್ 8 ಘೋಷಣೆ ಆಯ್ತು. ಆಮೇಲೆ ಯಾರನ್ನು ಕರೆದರೂ "ಹೊಸದು ಬರಲಿ, ಬರ್ತೀನಿ." ಮುಂದಿನ ಫೆಬ್ರವರಿಯಲ್ಲಿ ಪಾಕಿಸ್ತಾನದ ಆತಿಫ್ ಆಂಸ್ಟರ್‌ಡ್ಯಾಮ್‌ನಲ್ಲಿ ವಿಶ್ವ ಟೂರ್ ಫೈನಲ್ಸ್ ಗೆದ್ದಾಗ ನಮ್ಮ ಹಾಲ್‌ನಲ್ಲಿ ಕೂತು ನೋಡಿದವರು ಐದು ಜನ.

ಹೊಸ ನಂಬರ್ ಬಂದರೆ ಹಳೆಯದು ಸಾಯಲೇಬೇಕು ಅಂತೇನಿಲ್ಲ. ಸ್ಮ್ಯಾಶ್ ಬ್ರದರ್ಸ್ ಮೆಲೀ 2001ರ ಆಟ, ಅದಾದ ಮೇಲೆ ಮೂರು ಸ್ಮ್ಯಾಶ್ ಬಂದವು, ಇವತ್ತಿಗೂ ಡಬ್ಬ ಟಿವಿ ಹೊತ್ತುಕೊಂಡು ಹೋಗಿ ಆಡುತ್ತಾರೆ. 2020ರಲ್ಲಿ ಅಭಿಮಾನಿಗಳೇ ಸ್ಲಿಪ್ಪಿ ಅಂತ ಒಂದು ಸಾಫ್ಟ್‌ವೇರ್ ಮಾಡಿ ಆನ್‌ಲೈನಿಗೂ ತಂದರು. ಅದು ಅವರಿಗೆ ಬೇರೆ ಯಾವುದರಲ್ಲೂ ಸಿಗದ ಆಟ. ಟೆಕ್ಕನ್‌ನವರು ಹಾಗಲ್ಲ, ನಾವು ಹೊಸ ಮನೆಗೆ ಸಾಮಾನು ಸಮೇತ ಹೋಗುವ ಜಾತಿ. ತಮಾಷೆ ಅಂದರೆ ಸ್ಟ್ರೀಟ್ ಫೈಟರ್ 5 ಅನ್ನೋ ಇನ್ನೊಂದು ಹೊಡೆದಾಟದ ಆಟದ್ದು. ಹಾಂಗ್‌ಜೌ ಏಷ್ಯನ್ ಗೇಮ್ಸ್ ಒಂದು ವರ್ಷ ಮುಂದಕ್ಕೆ ಹೋಗಿ 2023ರ ಸೆಪ್ಟೆಂಬರ್‌ನಲ್ಲಿ ನಡೆಯಿತಲ್ಲ, ಅಷ್ಟರಲ್ಲಿ ಸ್ಟ್ರೀಟ್ ಫೈಟರ್ 6 ಬಂದು ಮೂರು ತಿಂಗಳು. ಎಲ್ಲರೂ ಬಿಟ್ಟುಹೋದ ಆಟಕ್ಕೆ ಪದಕ. ಭಾರತದಿಂದಲೂ ಇಬ್ಬರು ಹೋಗಿದ್ದರು. ಚಿನ್ನ ಗೆದ್ದಿದ್ದು ಕೊರಿಯಾದ ಕಿಮ್ ಗ್ವಾನ್-ವೂ, ವಯಸ್ಸು 44. ಪಾಲ್ ಅಣ್ಣ ಪುಣೆಯಿಂದ ಮೆಸೇಜ್ ಹಾಕಿದರು: "ನಂಗಿನ್ನೂ ಮೂರು ವರ್ಷ ಟೈಮ್ ಇದೆ."

ಕೊನೆಯ ಭಾನುವಾರ 2024ರ ಜನವರಿ 21. ನಾಲ್ಕು ಜನ. ಟೂರ್ನಮೆಂಟ್ ಏನೂ ಇಲ್ಲ, ಸುಮ್ನೆ ಹತ್ತು ಗೆಲುವಿನ ಆಟ. ತುಮಕೂರಿನ ಹುಡುಗ (ಈಗ ವೈಟ್‌ಫೀಲ್ಡಿನಲ್ಲಿ ಕೆಲಸ) ನನ್ನನ್ನು 10-3ರಲ್ಲಿ ಹೊಡೆದ. 26ಕ್ಕೆ ಟೆಕ್ಕನ್ 8 ಬಂತು. ಅದು ಪಿಎಸ್4ನಲ್ಲಿ ಓಡಲ್ಲ, ಪಿಎಸ್5 ಐವತ್ತು ಸಾವಿರದ ಮೇಲೆ, ನನಗೆ ನಾಲ್ಕು ಕೊಳ್ಳುವ ಶಕ್ತಿ ಇರಲಿಲ್ಲ. ಅವನೇ ಅವನ ಆಫೀಸಿನವರ ಜೊತೆ ಸೇರಿ ಶುರು ಮಾಡಿದ. ನನ್ನ ಮಾನಿಟರ್‌ಗಳು, ಎಕ್ಸ್‌ಟೆನ್ಶನ್ ಬಾಕ್ಸ್ ಎಲ್ಲ ತಗೊಂಡು ಹೋದ. ನೋಟ್‌ಬುಕ್ ಬೇಡ ಅಂದ, ಫೋನಿನಲ್ಲೇ ಲೆಕ್ಕ ಇಡುತ್ತಾನಂತೆ. ಮೊದಲ ವಾರ ಫೋನ್ ಮಾಡಿ, "ಅಣ್ಣ, ಗುಂಪಿಗೆ ನಾಲ್ಕು ಜನಾನೇ ಯಾಕೆ ಇಡ್ತಿದ್ದಿದ್ದು? ಐದು ಮಾಡಿದ್ರೆ ಆಗಲ್ವಾ?" ಅಂತ ಕೇಳಿದ. ಆಗಲ್ಲ, ರಾತ್ರಿ ಕೊನೆ ಮೆಟ್ರೋ ತಪ್ಪುತ್ತೆ ಅಂದೆ.

ಮೂರು ಪಿಎಸ್4 ಮಾರಿದೆ. ಒಂದು ಇನ್ನೂ ಹಾಲ್‌ನಲ್ಲಿದೆ. ಪಾಲ್ ಅಣ್ಣ ಊರಿಗೆ ಬಂದಾಗ ಸನ್‌ಮೈಕಾ ಡಬ್ಬ ಹಿಡಿದುಕೊಂಡೇ ಬರುತ್ತಾರೆ. ಹೋದ ಸಲ 10-7, ಅವರದ್ದೇ.