ಪದ್ಯ ಗೇಮಿನದು, ಅರ್ಥ ನನ್ನದು

ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಒಂದೇ ಬೆಡ್‌ರೂಮಿನ ಫ್ಲ್ಯಾಟ್. ರಾತ್ರಿ 11ರ ಮೇಲೆ ಹಾಲಿನ ಮೂಲೆಯ ಕಂಪ್ಯೂಟರ್ ನನ್ನದು. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಅಮ್ಮ ನೀರು ಕುಡಿಯಲು ಎದ್ದವರು ಕತ್ತಲಲ್ಲೇ ನಿಂತು ಕೇಳಿದರು. "ಎಂತ ಮಗಾ, ಈ ಹೊತ್ತಿಗೆ ಯಾರ ಹತ್ರ ತಪ್ಪಾಯ್ತು ಹೇಳ್ತಾ ಇದ್ದಿ?"

ಹೆಡ್‌ಫೋನ್ ತೆಗೆದೆ. ಏನಂತ ಹೇಳುವುದು? ಗೇಮಿನಲ್ಲಿ ಒಂದು ಮಗು ಸತ್ತಿತ್ತು. ಅದರ ಅಪ್ಪ ಅಮ್ಮನ ಎದುರು ನಿಂತು ನಾನು ಕನ್ನಡದಲ್ಲಿ, ಬಾಯಿಬಿಟ್ಟು, ತಪ್ಪಾಯ್ತು ಅನ್ನುತ್ತಿದ್ದೆ.

ಅದಕ್ಕೂ ಮುಂಚೆ ನಾನು ಹೀಗೆ ಆಡಿದವನಲ್ಲ. 2011ರಲ್ಲಿ ಬಂದ ಸ್ಕೈರಿಮ್ ಎಂಬ ಗೇಮಿನಲ್ಲಿ ನೂರಾರು ಗಂಟೆ ಕಳೆದಿದ್ದೇನೆ. ಯಾರಾದರೂ ಬಾಯಿ ತೆರೆದರೆ ಮಾತು ಹಾರಿಸಲು ಕ್ಲಿಕ್, ಕ್ಲಿಕ್, ಕ್ಲಿಕ್. ಮುಂದಿನ ಜಾಗದ ಗುರುತು ಮ್ಯಾಪಿನಲ್ಲಿ ಬಂತಾ, ಮುಗಿಯಿತು. ಆಫೀಸಿನಲ್ಲಿ ದೂರಿನ ಟಿಕೆಟ್ ಕ್ಲೋಸ್ ಮಾಡುವ ಅದೇ ಕೈ. ಲಿಡಿಯಾ ಎಂಬ ಅಂಗರಕ್ಷಕಿ ನನ್ನ ಹೊರೆಯೆಲ್ಲ ಹೊತ್ತು ತಿರುಗಿದಳು. ನಾವು ದಾದರ್ ಸ್ಟೇಷನ್ನಿನ ಹಮಾಲಿಯ ಹತ್ತಿರವೂ ಅವಳ ಹತ್ತಿರ ಆಡಿದ್ದಕ್ಕಿಂತ ಜಾಸ್ತಿ ಮಾತಾಡುತ್ತೇವೆ, ಅಲ್ವಾ? ಗೇಮಿನ ಒಳಗೆ ಹೋದ ಹಾಗೇ ಆಗುತ್ತಿಲ್ಲ ಅಂತ ಗ್ರಾಫಿಕ್ಸ್ ಮೇಲೆ ತಪ್ಪು ಹೊರಿಸಿದೆ. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದೆ. ಎಲೆಗಳು ಚಂದ ಕಂಡವು. ಕ್ಲಿಕ್ ನಿಲ್ಲಲಿಲ್ಲ.

ಆ ಮಗು ಸತ್ತದ್ದು ಬಾಲ್ಡರ್ಸ್ ಗೇಟ್ 3ರಲ್ಲಿ. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋ 2023ರಲ್ಲಿ ತಂದ ಗೇಮ್. ಅದರ ಮೊದಲ ಅಂಕದಲ್ಲಿ ಅರಾಬೆಲ್ಲಾ ಎಂಬ ಹುಡುಗಿ ಕದ್ದು ಸಿಕ್ಕಿಬೀಳುತ್ತಾಳೆ. ಕಾಗಾ ಎಂಬ ಹೆಂಗಸು ಅವಳ ಮುಂದೆ ಹಾವು ಬಿಟ್ಟು ನಿಂತಿರುತ್ತಾಳೆ. ನಾವು ಮಾತಾಡಿ ಬಿಡಿಸಬೇಕು. ಮಾತು ಗೆಲ್ಲುತ್ತದೋ ಇಲ್ಲವೋ ಅನ್ನುವುದನ್ನು ಹೇಳುವುದು 20 ಮುಖದ ದಾಳ. ನನ್ನ ದಾಳ ಸೋತಿತು. ಹುಡುಗಿ ಹೆದರಿ ಓಡಲು ಹೋದಳು, ಹಾವು ಕಚ್ಚಿತು.

ಬೆರಳು ತಾನಾಗಿ ಎಫ್8 ಕೀಲಿಯ ಮೇಲೆ ಹೋಯಿತು. ಅದನ್ನು ಒತ್ತಿದರೆ ಹಿಂದೆ ಸೇವ್ ಮಾಡಿದ ಕಡೆಗೆ ವಾಪಸ್, ಮಗು ಜೀವಂತ. ಎಷ್ಟೋ ಸಲ ಹಾಗೆ ಮಾಡಿದ್ದೇನೆ. ಆ ದಿನ ಯಾಕೋ ಒತ್ತಲಿಲ್ಲ. ಒಳಗೆ ಬರುವಾಗಲೇ ಅವಳ ಅಪ್ಪ ಅಮ್ಮ ಬಾಗಿಲಲ್ಲಿ ಗೋಗರೆಯುತ್ತಿದ್ದದ್ದನ್ನು ನೋಡಿದ್ದೆ. ಈಗ ಅವರ ಎದುರು ಹೋಗಬೇಕು. ಆರಿಸಿಕೊಳ್ಳಲು ಗೇಮ್ ಪರದೆಯ ಮೇಲೆ ಕೊಟ್ಟಿದ್ದ ಮಾತುಗಳಲ್ಲಿ ಯಾವ ಸಾಲೂ ಸಾಕು ಅನಿಸಲಿಲ್ಲ. ಮೌಸ್‌ನಿಂದ ಕೈ ತೆಗೆದೆ. ಬಾಯಿಂದ ಮಾತು ಬಂತು. ಅಮ್ಮ ಕೇಳಿಸಿಕೊಂಡದ್ದು ಅದನ್ನೇ.

ಮಲಗಿದ ಮೇಲೆ ಹೊಳೆಯಿತು. ಇದನ್ನು ನಾನು ಮೊದಲೇ ನೋಡಿದ್ದೆ, ಮಾಟುಂಗಾದಲ್ಲಿ. ಅಪ್ಪ ಉಡುಪಿ ಹೋಟೆಲೊಂದರಲ್ಲಿ ಗಲ್ಲಾದ ಮೇಲಿದ್ದವರು. ರಜೆ ಸಿಕ್ಕಿದ ಭಾನುವಾರ ನನ್ನನ್ನು ತಾಳಮದ್ದಳೆಗೆ ಕರೆದುಕೊಂಡು ಹೋಗುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟ ನಾಲ್ಕು ಜನ ಕುಳಿತಿರುತ್ತಾರೆ. ಭಾಗವತರು ಪದ್ಯ ಹಾಡುತ್ತಾರೆ, ಆಮೇಲೆ ಪಾತ್ರ ವಹಿಸಿದ ಅರ್ಥಧಾರಿ ಅದರ ಅರ್ಥವನ್ನು ತನ್ನದೇ ಮಾತಲ್ಲಿ ಹೇಳುತ್ತಾನೆ. ವಾಲಿ ಸಾಯುತ್ತಾನೆ ಅಂತ ಇಡೀ ಸಭೆಗೆ ಗೊತ್ತು. ಆದರೆ ಸಾಯುವ ಮುಂಚೆ ರಾಮನನ್ನು ಏನೇನು ಕೇಳುತ್ತಾನೆ ಅನ್ನುವುದು ಆ ದಿನ ವಾಲಿಯ ಅರ್ಥ ಹೇಳುವವನಿಗೆ ಬಿಟ್ಟದ್ದು. ಯಾರೂ ಬರೆದುಕೊಟ್ಟಿರುವುದಿಲ್ಲ.

ಗೇಮ್ ಕೊಡುವ ನಾಲ್ಕು ಸಾಲುಗಳೂ ಅಂಥ ಪದ್ಯವೇ. ನಾವೇ ಮಾಡಿಕೊಂಡ ಪಾತ್ರ ಈ ಗೇಮಿನ ಸಂಭಾಷಣೆಯಲ್ಲಿ ಬಾಯಿ ಬಿಡುವುದಿಲ್ಲ. ನಾವು ಸಾಲು ಆರಿಸಿದರೆ ಎದುರಿನವರು ಉತ್ತರಿಸುತ್ತಾರೆ. ಮೊದಲು ಇದೊಂದು ಕೊರತೆ ಅಂದುಕೊಂಡಿದ್ದೆ. ಈಗ ಅದು ನನಗೆ ಬಿಟ್ಟ ಜಾಗ ಅನಿಸುತ್ತದೆ.

ಅಲ್ಲಿಂದ ಎಲ್ಲ ಹೊಸದಾಗಿ ಶುರು ಮಾಡಿದೆ. ಪಾತ್ರದ ಹಿನ್ನೆಲೆಗೆ ಗಿಲ್ಡ್ ಆರ್ಟಿಸನ್ ಆರಿಸಿದೆ, ಅಂದರೆ ಕಸುಬಿನವನು. ನನ್ನ ಲೆಕ್ಕದಲ್ಲಿ ಅವನು ಹೋಟೆಲಿನವನ ಮಗ. ಮಾತು ಮೃದು, ಲೆಕ್ಕ ಕಟ್ಟುನಿಟ್ಟು, ಹಸಿದವರನ್ನು ಬರಿಗೈಯಲ್ಲಿ ಕಳಿಸುವವನಲ್ಲ. ಸಾಲುಗಳು ಬಂದ ಕೂಡಲೇ ಮೌಸ್ ಬಿಡುತ್ತೇನೆ. ಮೊದಲು ನನ್ನ ಅರ್ಥ, ಆಮೇಲೆ ಅದಕ್ಕೆ ಹತ್ತಿರದ ಸಾಲು. ದಾಳ ಬಿದ್ದ ಹಾಗೆ. ಎಫ್8 ಇಲ್ಲ.

ಕೆಡಿಸುವ ಇನ್ನೊಂದು ಸಂಗತಿ ಇತ್ತು. ನಾವು ಏನಾದರೂ ಮಾಡಿದರೆ ಗೇಮಿನಲ್ಲಿ ನಮ್ಮ ಜೊತೆ ತಿರುಗುವವರು ಮೆಚ್ಚಿದರೋ ಇಲ್ಲವೋ ಅಂತ ಪರದೆಯ ಮೂಲೆಯಲ್ಲಿ ಬರೆದು ಬರುತ್ತದೆ. ಅವರಲ್ಲೊಬ್ಬನಾದ ಅಸ್ಟೇರಿಯನ್‌ಗಂತೂ ಸುಮ್ನೆ ಒಳ್ಳೆಯತನ ತೋರಿಸಿದರೆ ಆಗುವುದಿಲ್ಲ. ಅವನನ್ನು ಮೆಚ್ಚಿಸಲು ನಾನು ಮಾತು ತಿರುಚುತ್ತಿದ್ದೆ. ಬಾಸ್‌ಗೆ ಮೇಲ್ ಬರೆದ ಹಾಗೆ! ಆ ಮೂಲೆಗೆ ಒಂದು ಹಳದಿ ಸ್ಟಿಕಿ ನೋಟ್ ಅಂಟಿಸಿದೆ. ಈಗಲೂ ಇದೆ. ಮೆಚ್ಚಿದ್ದು ಮೆಚ್ಚದ್ದು ಅವರ ಮುಖ, ದನಿ ನೋಡಿಯೇ ತಿಳಿಯಬೇಕು. ತಿಳಿಯುತ್ತದೆ ಕೂಡ.

ಭಾಷೆಯದ್ದೇ ಒಂದು ತಮಾಷೆ. ಎಲ್ಫ್ ಎಂಬ ಚೂಪು ಕಿವಿಯ ಜನರ ಎದುರು ನನ್ನ ಬಾಯಲ್ಲಿ "ಎಲೈ ಮಹನೀಯನೇ" ಅಂತ ತಾಳಮದ್ದಳೆ ಕನ್ನಡ ಬರುತ್ತದೆ. ಗಾಬ್ಲಿನ್ ಎಂಬ ಕುಳ್ಳ ಪುಂಡರಿಗೆ ಪಕ್ಕಾ ಬಂಬೈಯಾ, "ಕ್ಯಾ ರೇ, ಕಿಧರ್?" ಜೊತೆಯವಳಾದ ಕಾರ್ಲಾಕ್ ಹತ್ತಿರ ಮಾತ್ರ ಮನೆಯ ಮಾತು. ಅವಳ ಎದೆಯಲ್ಲಿ ಗುಂಡಿಗೆಯ ಬದಲು ನರಕದಲ್ಲಿ ಮಾಡಿದ ಎಂಜಿನ್ ಉರಿಯುತ್ತಿದೆ. ಅದು ರಿಪೇರಿ ಆಗುವ ತನಕ ಯಾರೂ ಅವಳನ್ನು ಮುಟ್ಟುವ ಹಾಗಿಲ್ಲ. ಅಂಥವಳ ಹತ್ತಿರ ದೊಡ್ಡ ದೊಡ್ಡ ಮಾತು ಬರುವುದೇ ಇಲ್ಲ. "ಊಟ ಆಯ್ತಾ?" ಅಂತೀನಿ, ಅಷ್ಟೇ.

ತಪ್ಪುಗಳೂ ಆದವು. ಕಣ್ಣೀರು ತರಿಸುವ ಮಾತಾಡಿ, ತಿರುಗಿದ ಕೂಡಲೇ ಅದೇ ಮನೆಯ ಚಮಚ, ಕ್ಯಾರೆಟ್ ಎಲ್ಲ ಬಾಚಿಕೊಂಡೆ. ನಗು ಬಂತು, ಪಾತ್ರ ಅಲ್ಲಿಗೆ ಸತ್ತಿತು. ಈಗ ಮಾತಾಡಿಸಿದವರ ಮನೆಯಿಂದ ಒಂದು ಚಮಚವೂ ಎತ್ತುವುದಿಲ್ಲ. ಇನ್ನೊಂದು, ರಾತ್ರಿ ತಂಗಿದರೆ ಖರ್ಚಾಗುವ ಊಟ ಸಾಮಾನು ಉಳಿಸಲು ಹೋಗಿ ಡೇರೆಯಲ್ಲಿ ಮಲಗದೆ ಮುಂದೆ ಮುಂದೆ ಹೋಗುತ್ತಿದ್ದೆ. ಎಷ್ಟೋ ಮಾತುಗಳು ಆ ರಾತ್ರಿ ತಂಗುವಾಗಲೇ ನಡೆಯುತ್ತವೆ ಅಂತ ತಡವಾಗಿ ಗೊತ್ತಾಯಿತು.

ಬಾಯಿ ಇರುವ ನಾಯಕನ ಜೊತೆ ಈ ಉಪಾಯ ನಡೆಯುವುದಿಲ್ಲ. ಕಿಂಗ್‌ಡಮ್ ಕಮ್: ಡೆಲಿವರೆನ್ಸ್, 2018ರ ಗೇಮ್. 1403ರ ಬೊಹೀಮಿಯಾದಲ್ಲಿ (ಈಗಿನ ಚೆಕ್ ದೇಶ) ಕಮ್ಮಾರನ ಮಗ ಹೆನ್ರಿ. ಅವನಿಗೆ ಅವನದೇ ದನಿ ಇದೆ. ಅಲ್ಲಿ ನಾನು ಮೈಯಿಂದ ಪಾತ್ರ ಮಾಡಿದೆ. ದೊಡ್ಡವರ ಹತ್ತಿರ ಹೋಗುವ ಮುಂಚೆ ಮುಖ ತೊಳೆಯುವುದು, ರಕ್ತದ ಕಲೆಯ ಬಟ್ಟೆ ಬದಲಿಸುವುದು. ಕೊಳಕಾಗಿ ಹೋದರೆ ಅಲ್ಲಿ ನಿಮ್ಮ ಮಾತಿಗೆ ನಿಜಕ್ಕೂ ಬೆಲೆ ಕಡಿಮೆ. ಹೆನ್ರಿಗೆ ಓದಲೂ ಬರುವುದಿಲ್ಲ. ಕಲಿಯುವ ತನಕ ಪುಸ್ತಕದ ಅಕ್ಷರಗಳು ಕಲಸಿಹೋಗಿ ಕಾಣುತ್ತವೆ. ಊರಿಂದ ಬಂದ ಹೊಸದರಲ್ಲಿ ಲೋಕಲ್ ಟ್ರೇನಿನ ಬೋರ್ಡು ನೋಡಿ ಅಪ್ಪನಿಗೆ ಹಾಗೇ ಆಗುತ್ತಿತ್ತಂತೆ.

ಅಪ್ಪ ಈಗ ಮನೆಯಲ್ಲೇ ಇರುತ್ತಾರೆ. ಒಂದು ಭಾನುವಾರ ಮಧ್ಯಾಹ್ನ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ನಾನು ನಾಚಿಕೆ ಬಿಟ್ಟು ಅರ್ಥ ಹೇಳಿದೆ, ಸುಮಾರು ಮೂರು ನಿಮಿಷ. ಆಮೇಲೆ ಕಾರ್ಲಾಕ್ ಮಾತಾಡತೊಡಗಿದಳು. ಸಬ್‌ಟೈಟಲ್ ಓದಿಯಾಗಿತ್ತು, ನಾನು ಅಭ್ಯಾಸಬಲದಿಂದ ಕ್ಲಿಕ್ ಮಾಡಿ ಅವಳ ಮಾತನ್ನು ಅರ್ಧಕ್ಕೇ ಹಾರಿಸಿದೆ.

"ನಿನ್ನ ಅರ್ಥ ಉದ್ದ ಆಯ್ತು," ಅಂದರು ಅಪ್ಪ. "ಇರ್ಲಿ. ಆದ್ರೆ ಎದುರಿನವರ ಮಾತು ಮಧ್ಯದಲ್ಲಿ ಕಡಿಯುದು ಎಂತ ಕ್ರಮ ಮಾರಾಯ? ಅವಳು ಪೂರ್ತಿ ಹೇಳ್ಲಿ."

ಹಳೆಯ ಸೇವ್ ತೆರೆದೆ. ಎಫ್8 ಇಲ್ಲ ಅನ್ನುವ ನಿಯಮ ಆ ಒಂದು ಸಲ ಮುರಿಯಿತು. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಇಂಗ್ಲಿಷ್ ಅವರಿಗೆ ಅಷ್ಟು ಬರುವುದಿಲ್ಲ.